ಮೀಟರ್ ಇಡದೆ ಬ್ಯಾಟರಿಯನ್ನು ಗುಜರಿಗೆ ಹಾಕಬೇಡಿ

ಇವತ್ತು ಬೆಳಗ್ಗೆ ಮಲ್ಪೆಯ ಮೀನುಗಾರಿಕಾ ದಕ್ಕೆಯಲ್ಲಿ (ಬೋಟು ನಿಲ್ಲುವ ಕಟ್ಟೆ) ಕಣ್ಣೆದುರೇ ಒಂದು ಬೋಟಿನ ಎರಡು 150 ಎ.ಎಚ್. (ಆಂಪಿಯರ್-ಗಂಟೆ) ಬ್ಯಾಟರಿ ಗುಜರಿ ಟೆಂಪೋ ಹತ್ತಿದವು. ಹೋದ ಆಗಸ್ಟಿನಲ್ಲಿ ತಂದವು, ಸ್ಟಿಕ್ಕರ್ ಕೂಡ ಮಾಸಿಲ್ಲ. "ಸೆಲ್ಫ್ ಎತ್ತುತ್ತಿಲ್ಲ, ಬ್ಯಾಟರಿ ಹೋಗಿದೆ" ಎನ್ನುವುದಷ್ಟೇ ಕಾರಣ (ಸೆಲ್ಫ್ ಎಂದರೆ ಎಂಜಿನ್ ಸ್ಟಾರ್ಟ್ ಮಾಡುವ ಮೋಟಾರು). ವೋಲ್ಟ್ ಅಳೆಯುವ ಮೀಟರ್ ಇಟ್ಟು ನೋಡಿದವರು ಒಬ್ಬರೂ ಇಲ್ಲ. ಹೊಸವು ಎರಡು ಬಂದು ಅದೇ ವೈರಿಗೆ, ವೈರಿನ ತುದಿಯಲ್ಲಿ ಹಸಿರು ಹಿಡಿದ ಅದೇ ಲಗ್ಗಿಗೆ ಕೂತವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ. ತಪ್ಪು ಚಾರ್ಜಿಂಗಿನದ್ದು, ಶಿಕ್ಷೆ ಬ್ಯಾಟರಿಗೆ. ಪ್ರತಿವರ್ಷ ಇದನ್ನೇ ನೋಡಿ ಹೊಟ್ಟೆ ಉರಿಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಅಳೆಯುವ ಕ್ರಮ. ಚಾರ್ಜಿಂಗ್ ನಿಲ್ಲಿಸಿ, ಲೋಡು ಎಲ್ಲ ಬಿಡಿಸಿ, ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಮೀಟರ್ ಇಡಿ. ನೀರು ಹಾಕುವ ಮಾಮೂಲಿ ಬ್ಯಾಟರಿಯಾದರೆ 12.6 ವೋಲ್ಟ್ ಬಂದರೆ ತುಂಬಿದೆ, 12.2 ಎಂದರೆ ಅರ್ಧ, 11.8 ಎಂದರೆ ಖಾಲಿ. ಖಾಲಿ ಎಂದರೆ ಸತ್ತಿದೆ ಎಂದಲ್ಲ! ಪೂರ್ತಿ ಚಾರ್ಜ್ ಮಾಡಿದ ಮೇಲೂ 10.5ರ ಆಸುಪಾಸಿನಲ್ಲೇ ನಿಂತರೆ ಆಗ ಒಂದು ಸೆಲ್ ಹೋಗಿದೆ ಎನ್ನಬಹುದು. ಅದನ್ನೂ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ಖಚಿತ ಮಾಡಿಕೊಳ್ಳಿ: ಆರೂ ಸೆಲ್‌ಗಳನ್ನು ನೋಡಿ, ಒಂದು ಮಾತ್ರ ಉಳಿದವುಗಳಿಗಿಂತ 0.050ಕ್ಕಿಂತ ಹೆಚ್ಚು ಕೆಳಗಿದ್ದರೆ ಆ ಬ್ಯಾಟರಿ ಬದಲಾಯಿಸಿ. ಆರೂ ಒಂದೇ ಸಮ ಕೆಳಗಿದ್ದರೆ ಅದಕ್ಕೆ ಚಾರ್ಜೇ ಸಿಕ್ಕಿಲ್ಲ ಎಂದರ್ಥ. ಚಾರ್ಜ್ ಆದ ಬ್ಯಾಟರಿಯಲ್ಲಿ ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಬೀಳಬಾರದು, 24 ವೋಲ್ಟಿನ ಜೋಡಿಯಲ್ಲಿ 19.2ಕ್ಕಿಂತ.

ಇನ್ನು ನಮ್ಮ ಬೋಟುಗಳ ದೊಡ್ಡ ರೋಗ. ಸೆಲ್ಫ್ 24 ವೋಲ್ಟಿನದ್ದು, ಎರಡು ಬ್ಯಾಟರಿ ಸೀರೀಸಿನಲ್ಲಿ, ಅಂದರೆ ಒಂದರ ಹಿಂದೆ ಒಂದು. ವೈರ್‌ಲೆಸ್, ಜಿಪಿಎಸ್ ಮಾತ್ರ 12 ವೋಲ್ಟಿನವು. ಏನು ಮಾಡುತ್ತಾರೆ? ಕೆಳಗಿನ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದುಬಿಡುತ್ತಾರೆ. ದಿನವಿಡೀ ಒಂದೇ ಬ್ಯಾಟರಿ ಖಾಲಿಯಾಗುತ್ತದೆ, ಆದರೆ ಚಾರ್ಜಿಂಗ್ ಕರೆಂಟ್ ಎರಡಕ್ಕೂ ಒಂದೇ ಸಮ ಹೋಗುತ್ತದೆ. ಎಂಜಿನ್ನಿನಿಂದ ತಿರುಗಿ ಚಾರ್ಜ್ ಕೊಡುವ ಆಲ್ಟರ್ನೇಟರಿಗೆ ಕಾಣುವುದು ಒಟ್ಟು 28.4 ವೋಲ್ಟ್ ಮಾತ್ರ. ಒಳಗೆ ಅದು ಒಂದಕ್ಕೆ 15.3, ಇನ್ನೊಂದಕ್ಕೆ 13.1 ಎಂಬಂತೆ ಹಂಚಿಹೋಗಿರುತ್ತದೆ. 15.3 ಸಿಕ್ಕಿದ್ದು ಕುದಿದು ನೀರು ಆರುತ್ತದೆ. 13.1 ಸಿಕ್ಕಿದ್ದು ಯಾವತ್ತೂ ತುಂಬುವುದಿಲ್ಲ, ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಒಂದು ಹೊಟ್ಟೆಬಿರಿ ತಿಂದು ಸತ್ತಿತು, ಇನ್ನೊಂದು ಹಸಿದು ಸತ್ತಿತು. ಆಮೇಲೆ "ಈ ಕಂಪನಿಯ ಮಾಲೇ ಸರಿ ಇಲ್ಲ" ಎಂಬ ಮಾತು. ಇದಕ್ಕೆ ಮದ್ದು 24ರಿಂದ 12ಕ್ಕೆ ಇಳಿಸುವ ಡಿಸಿ ಕನ್ವರ್ಟರ್. 25 ವ್ಯಾಟಿನ ವಿಎಚ್‌ಎಫ್ ವೈರ್‌ಲೆಸ್ ಸೆಟ್ಟು ಮಾತಾಡುವಾಗ 5–6 ಆಂಪಿಯರ್ ತಿನ್ನುತ್ತದೆ, ಜಿಪಿಎಸ್ ಸೇರಿಸಿದರೂ 10 ಆಂಪಿಯರಿನ ಕನ್ವರ್ಟರ್ ಸಾಕು. ಇಲ್ಲವೇ ಆ ಸೆಟ್ಟುಗಳಿಗೆ ಬೇರೆಯೇ ಒಂದು 12 ವೋಲ್ಟ್ ಬ್ಯಾಟರಿ, ಅದಕ್ಕೆ ಬೇರೆಯೇ ಚಾರ್ಜಿಂಗ್. ಜೋಡಿಯಲ್ಲಿ ಒಂದನ್ನು ಮಾತ್ರ ಹೊಸದು ಹಾಕುವ ಉಳಿತಾಯವಂತೂ ಬೇಡವೇ ಬೇಡ.

ಆಲ್ಟರ್ನೇಟರ್ ನೋಡಬೇಕಾದರೆ ಎಂಜಿನ್ ರೇಸ್ ಮಾಡಿ ಬ್ಯಾಟರಿಯ ಕಂಬದ ಮೇಲೆಯೇ ಅಳೆಯಿರಿ: 27.6ರಿಂದ 28.8, 12 ವೋಲ್ಟಿನದ್ದಾದರೆ 13.8ರಿಂದ 14.4. ಕಡಿಮೆ ಬಂದರೆ ಮೊದಲು ಬೆಲ್ಟ್ ಒತ್ತಿ ನೋಡಿ. ನಂತರ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಅದೇ ಜಾಗದಲ್ಲಿ ಇಡಿ. ಅರ್ಧ ವೋಲ್ಟಿಗಿಂತ ಹೆಚ್ಚು ಎಸಿ ಕಂಡರೆ ಆಲ್ಟರ್ನೇಟರಿನೊಳಗೆ ಎಸಿಯನ್ನು ಡಿಸಿ ಮಾಡುವ ಡಯೋಡ್ ಹೋಗಿದೆ.

ಜನರೇಟರ್ ಅಥವಾ ದಕ್ಕೆಯ ಕರೆಂಟಿನಲ್ಲಿ ನಡೆಯುವ ಚಾರ್ಜರ್ ಇದ್ದರೆ ಬ್ಯಾಟರಿ ಜೋಡಿಸಿಯೇ ಪರೀಕ್ಷಿಸಿ. ಎಷ್ಟೋ ಸ್ಮಾರ್ಟ್ ಚಾರ್ಜರ್‌ಗಳು ಬ್ಯಾಟರಿ ಕಾಣದಿದ್ದರೆ ವೋಲ್ಟೇಜೇ ಕೊಡುವುದಿಲ್ಲ, ಜನ ಅದನ್ನು ಕೆಟ್ಟಿದೆ ಎಂದು ಬಿಸಾಡುತ್ತಾರೆ. ತೀರಾ ಇಳಿದ ಬ್ಯಾಟರಿಯನ್ನೂ ಕೆಲವು ಗುರುತಿಸುವುದಿಲ್ಲ. ಆಗ ಪಕ್ಕದಲ್ಲಿ ಅದೇ ವೋಲ್ಟಿನ ಒಳ್ಳೆಯ ಬ್ಯಾಟರಿಯೊಂದನ್ನು ಪ್ಯಾರಲಲ್ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಕೊಟ್ಟು ಹತ್ತು ನಿಮಿಷ ಎಬ್ಬಿಸಬೇಕು. ಚಾರ್ಜರಿನ ಬಾಯಲ್ಲಿ 14.4 ಇದ್ದು ಬ್ಯಾಟರಿಯಲ್ಲಿ 13.5 ಇದ್ದರೆ ತಪ್ಪು ನಡುವಿನ ದಾರಿಯದ್ದು: ಫ್ಯೂಸ್ ಹೋಲ್ಡರ್, ಲಗ್, ವೈರ್. ಎಂಜಿನ್ ಕೋಣೆಯಿಂದ ಬ್ಯಾಟರಿ ಪೆಟ್ಟಿಗೆಗೆ 6 ಮೀಟರ್ ಎಂದರೆ ಹೋಗಿಬರಲು 12 ಮೀಟರ್. 4 ಚದರ ಮಿಲಿಮೀಟರ್ ವೈರಿನಲ್ಲಿ 20 ಆಂಪಿಯರ್ ಹರಿದರೆ ದಾರಿಯಲ್ಲೇ ಒಂದು ವೋಲ್ಟ್ ಮಾಯ. 16 ಚದರದ್ದು ಹಾಕಿ, ಕಾಲು ವೋಲ್ಟಿಗೆ ಇಳಿಯುತ್ತದೆ. ತವರ ಲೇಪಿಸಿದ ತಾಮ್ರವೇ ಬೇಕು. ಬರೀ ತಾಮ್ರದ ಎಳೆಯೊಳಗೆ ಉಪ್ಪುನೀರು ಹೀರಿ, ಹೊರಗೆ ರಬ್ಬರ್ ಚೆನ್ನಾಗಿದ್ದರೂ ಒಳಗೆ ಕಪ್ಪಾಗಿರುತ್ತದೆ.

"ಡೀಸೆಲ್, ಐಸ್ ತುಂಬಿ ಆಗಿದೆ, ಕಲಾಸಿಗಳು ಕಾಯುತ್ತಿದ್ದಾರೆ, ಬೆಳಗಿನ ಜಾವ ಮೂರಕ್ಕೆ ಮೀಟರ್ ಹಿಡಿದು ಕೂರಲು ಆಗುತ್ತದಾ?" ಎಂದು ಬೋಟು ನಡೆಸುವ ತಂಡೇಲರು ಕೇಳುತ್ತಾರೆ. ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಬ್ಯಾಟರಿ ಹಾಳಾದದ್ದು ಆ ಮೂರು ಗಂಟೆಗಲ್ಲ. ಜೂನ್ 1ರಿಂದ ಜುಲೈ 31ರ ತನಕ, ಮೀನುಗಾರಿಕೆ ನಿಷೇಧದ 61 ದಿನ ಬೋಟು ನಿಂತೇ ಇತ್ತಲ್ಲ? ಬಿಡಿಸದೆ ಬಿಟ್ಟ ಯಾವುದೋ ಸೆಟ್ಟು ಬರೀ 50 ಮಿಲಿಆಂಪಿಯರ್ ಎಳೆಯುತ್ತಿದ್ದರೂ 61 ದಿನಕ್ಕೆ 73 ಎ.ಎಚ್. ಹೋಯಿತು. 150ರ ಬ್ಯಾಟರಿಯ ಅರ್ಧ. ತಾನಾಗಿ ಸೋರುವುದು ಬೇರೆ. ಮೇ ಕೊನೆಗೆ ಪೂರ್ತಿ ಚಾರ್ಜ್ ಮಾಡಿ, ಮೈನಸ್ ಮೊದಲು ಬಿಚ್ಚಿ, ಮನೆಗೆ ತಂದು, ತಿಂಗಳಿಗೊಮ್ಮೆ ಚಾರ್ಜ್ ಕೊಡುವುದಕ್ಕೆ ಪುರುಸೊತ್ತು ಇರಲಿಲ್ಲ ಎಂದರೆ ನಾನು ಒಪ್ಪುವುದಿಲ್ಲ.

ನೀರಿನ ವಿಷಯದಲ್ಲೂ ಹಟ ಬೇಡ. ಡಿಸ್ಟಿಲ್ಡ್ ವಾಟರ್ ಮಾತ್ರ, ಅದೂ ಚಾರ್ಜ್ ಆದ ಮೇಲೆ. ಪ್ಲೇಟು ಬರಿದಾಗಿ ಕಾಣುತ್ತಿದ್ದರೆ ಮಾತ್ರ ಅದು ಮುಳುಗುವಷ್ಟು ಮೊದಲೇ ಹಾಕಿ. ಆಸಿಡ್ ಸೇರಿಸಬೇಡಿ. ಪೆಟ್ಟಿಗೆಗೆ ಗಾಳಿ ಆಡುವ ಕಿಂಡಿ ಇರಲಿ, ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಹೈಡ್ರೋಜನ್ ಸೇರಿದರೆ ಒಂದು ಕಿಡಿ ಸಾಕು. ಸಮುದ್ರದ ನೀರು ಸೆಲ್ಲಿನೊಳಗೆ ಹೋದರೆ ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಎಂಜಿನ್ ಕೋಣೆಯಲ್ಲಿ ಅದು ಜೀವಕ್ಕೇ ಅಪಾಯ. ಪೆಟ್ಟಿಗೆಯನ್ನು ಬೋಟಿನ ತಳದ ನೀರು ಮುಟ್ಟದ ಎತ್ತರದಲ್ಲಿ ಕಟ್ಟಿ.

ಆ ಬೋಟಿನವರು ಇದನ್ನು ಓದುತ್ತಿದ್ದರೆ ಒಂದೇ ಕೋರಿಕೆ. ಮೊದಲ ಟ್ರಿಪ್ಪು ಮುಗಿಸಿ ಬಂದ ಮೇಲೆ ಲೋಡು ಬಿಡಿಸಿ, ರಾತ್ರಿ ಕಳೆದು ಹೊಸ ಬ್ಯಾಟರಿ ಎರಡನ್ನೂ ಬೇರೆಬೇರೆಯಾಗಿ ಅಳೆಯಿರಿ. ಒಂದರಲ್ಲಿ 12.6, ಇನ್ನೊಂದರಲ್ಲಿ 12.3 ಬಂದರೆ ಕಡಿಮೆ ಇರುವುದರ ಪ್ಲಸ್ಸಿನಿಂದ ಹೊರಟ ಸಣ್ಣ ವೈರ್ ಹಿಡಿದು ಹೋಗಿ. ಅದು ವೈರ್‌ಲೆಸ್ ಸೆಟ್ಟಿನ ಹಿಂದೆ ಹೋಗಿ ನಿಂತರೆ ಅವತ್ತೇ ಬಿಚ್ಚಿ.