ಗ್ಯಾಸ್ ತುಂಬಿಸಿದ್ರ ಗಡಗಡ ನಿಲ್ಲೂದಿಲ್ಲ

ಏಸಿಯ ಹೊರಗಿನ ಯೂನಿಟ್ ಗಡಗಡ ಅಂದ್ರ ಮೊದಲು ಗ್ಯಾಸ್ ಚೆಕ್ ಮಾಡಿಸ್ರಿ ಅಂತ ಕೆಲವರು ಬರೀತಾರ. ಒಪ್ಪಾಕ ಆಗೂದಿಲ್ರಿ. ಗ್ಯಾಸ್ ಕಮ್ಮಿ ಆದ್ರ ತಂಪು ಕಮ್ಮಿ ಆಗ್ತದ, ಸಣ್ಣ ಪೈಪಿಗೆ ಐಸ್ ಹಿಡೀತದ. ಗಡಗಡಕ್ಕ ಕಾರಣ ಬ್ಯಾರೆ.

ಯೂನಿಟ್ ಓಡೂ ಮುಂದ ಮೇಲಿನ ಮುಚ್ಚಳ, ಪಕ್ಕದ ತಗಡು ಒಂದೊಂದಾಗಿ ಅಂಗೈಲೆ ಒತ್ರಿ (ಫ್ಯಾನಿನ ಜಾಳಿಗಿ ಕಡೆ ಕೈ ಬ್ಯಾಡ). ಎಲ್ಲಿ ಒತ್ತಿದಾಗ ಸದ್ದು ಇಳೀತದೋ ಅಲ್ಲಿ ಸ್ಕ್ರೂ ಸಡಿಲ ಆಗೇದ. ಒಳಗಿನ ತಾಮ್ರದ ಪೈಪ್ ಒಂದಕ್ಕೊಂದು ತಾಗಿದ್ರೂ ಇದ ಸದ್ದು, ನಡುವ ಫೋಮ್ ಸುತ್ತಿದ್ರ ಮುಗೀತು. ಗೋಡೆನ ಗುಂಯ್ ಅಂದ್ರ ಕಾಲಿನ ಕೆಳಗಿನ ರಬ್ಬರ್ ಪ್ಯಾಡ್ ಬಿಸಿಲಿಗೆ ಗಟ್ಟಿ ಆಗಿರ್ತಾವ. ನಾಲ್ಕೂ ಒಮ್ಮೆಲೆ ಬದಲಿಸ್ರಿ, ಆದ್ರ ನಟ್ ಅತಿ ಬಿಗಿ ಮಾಡಿ ಪ್ಯಾಡ್ ಅಪ್ಪಚ್ಚಿ ಮಾಡಿದ್ರ ಹಾಕಿದ್ದು ದಂಡ. ಪತ್ರಾಸಿನ (ತಗಡಿನ ಚಾವಣಿ) ಮ್ಯಾಲೆ ಕೂಡಿಸಿದ ಯೂನಿಟ್ಟಿನ ಸದ್ದು ಪ್ಯಾಡಿನಿಂದನೂ ಪೂರ್ತಿ ಹೋಗೂದಿಲ್ಲ, ಜಾಗಾನ ಬದಲಿಸಬೇಕು.

ನಮ್ಮ ಹುಬ್ಬಳ್ಳಿ, ನವಲಗುಂದ ಕಡೆ ಎರಿಮಣ್ಣಿನ ಧೂಳು ಫ್ಯಾನಿನ ರೆಕ್ಕಿಗೆ ಒಂದ ಕಡೆ ಹತ್ತಿ ತೂಕ ತಪ್ತದ. ಎಂಸಿಬಿ (ಏಸಿಯ ಕರೆಂಟ್ ಬಂದ್ ಮಾಡೂ ಸ್ವಿಚ್) ಇಳಿಸಿ, ಒದ್ದಿ ಬಟ್ಟಿಲೆ ಒರಸ್ರಿ, ಸೀಳು ಬಿಟ್ಟೇದೇನು ಅಂತನೂ ನೋಡ್ರಿ. ಚಾಲೂ-ಬಂದ್ ಆಗೂವಾಗಷ್ಟ ದಡಕ್ ಅಂದ್ರ ಕಂಪ್ರೆಸರಿನ (ಗ್ಯಾಸ್ ಒತ್ತೂ ಯಂತ್ರ) ಕೆಳಗಿನ ರಬ್ಬರ್ ಬುಷ್ ಹೋಗಿರ್ತದ, ಅದು ಮೆಕ್ಯಾನಿಕ್ ಕೆಲಸ.

ಸದ್ದು ಕೇಳಬಾರದು ಅಂತ ಸುತ್ತ ಪ್ಲೈವುಡ್ ಪೆಟ್ಟಿಗಿ ಮಾತ್ರ ಹೊಡಸಬ್ಯಾಡ್ರಿ, ಬಿಸಿ ಗಾಳಿ ಹೊರಗ ಹೋಗದ ಕಂಪ್ರೆಸರ್ ಇನ್ನಷ್ಟು ಒದ್ದಾಡ್ತದ.