ಒದ್ದೆ ಟೆಂಟು ಕಟ್ಟಿಡಬೇಡಿ
ಸ್ಕೌಟ್ ಶಿಬಿರ ಮುಗಿದ ದಿನ ಮಕ್ಕಳನ್ನು ಕರೆದೊಯ್ಯಲು ಬರುವ ಅಪ್ಪ-ಅಮ್ಮಂದಿರಿಗೆ ಎಲ್ಲಿಲ್ಲದ ಅವಸರ. ಟೆಂಟುಗಳನ್ನು ಒದ್ದೆಯಾಗಿಯೇ ಸುತ್ತಿ, ಚೀಲಕ್ಕೆ ತುರುಕಿ, ಉಗ್ರಾಣಕ್ಕೆ ಎಸೆದು ಹೊರಟುಬಿಡುತ್ತಾರೆ. ಮಳೆ ಬಂದಿರಲೇಬೇಕೆಂದಿಲ್ಲ, ಮಕ್ಕಳು ರಾತ್ರಿಯಿಡೀ ಬಿಟ್ಟ ಉಸಿರೇ ಒಳಬದಿಯಲ್ಲಿ ಹನಿಗಟ್ಟಿರುತ್ತದೆ. ಒಂದೆರಡು ದಿನ ಹಾಗೇ ಬಿಟ್ಟರೆ ಸಾಕು, ಹೊಲಿಗೆಯ ಗುಂಟ ಕಪ್ಪು ಚುಕ್ಕೆ, ಬೂಷ್ಟಿನ ವಾಸನೆ. ಎಷ್ಟು ಉಜ್ಜಿದರೂ ಆ ಕಲೆ ಪೂರ್ತಿ ಹೋಗುವುದಿಲ್ಲ. ಬಟ್ಟೆಯ ಒಳಗಿನ ಪಾಲಿಯುರೆಥೇನ್ ಲೇಪವಂತೂ ತೇವದ ಜೊತೆ ಬಿಸಿಯೂ ಸೇರಿದರೆ ಕ್ರಮೇಣ ಅಂಟಂಟಾಗಿ, ಸಿಪ್ಪೆಯಂತೆ ಏಳುತ್ತದೆ. ಆಮೇಲೆ ಅದು ಮಳೆ ತಡೆಯುವುದಿಲ್ಲ.

ಮನೆಗೊಂದು ಟೆಂಟು ಒಯ್ದು, ಗಾಳಿಯಾಡುವ ನೆರಳಲ್ಲಿ ಹಗ್ಗದ ಮೇಲೆ ಹರವಿ. ಕಡು ಬಿಸಿಲು ಬಟ್ಟೆಯನ್ನೇ ತಿನ್ನುತ್ತದೆ. ಹೊರಹೊದಿಕೆ ಬೇಗ ಒಣಗುತ್ತದೆ. ಮೋಸ ಮಾಡುವುದು ಹೊಲಿಗೆ, ನೆಲಹಾಸಿನ ಮೂಲೆ, ಝಿಪ್ಪಿನ ಪಟ್ಟಿ. ಅವನ್ನು ಬೆರಳಲ್ಲಿ ಹಿಂಡಿ ನೋಡಿ. ಗೂಟಗಳ ಮಣ್ಣು ಒರೆಸಿ, ಎಣಿಸಿ, ಬೇರೆ ಚೀಲಕ್ಕೆ ಹಾಕಿ. 14 ಇರಬೇಕಾದಲ್ಲಿ 9 ಇದ್ದರೆ ಅದು ಗೊತ್ತಾಗುವುದು ಮುಂದಿನ ಶಿಬಿರದ ಕತ್ತಲಲ್ಲಿ, ಗಾಳಿ ಎದ್ದಾಗ. ಕೋಲು ಬಾಗಿದ್ದರೆ, ಝಿಪ್ಪು ಕಿತ್ತಿದ್ದರೆ ಚೀಟಿ ಬರೆದು ಚೀಲಕ್ಕೆ ಕಟ್ಟಿ.

ಒಂದು ಮನೆಗೆ ಇದು ಅರ್ಧ ಗಂಟೆಯ ಕೆಲಸ. ಯಾರೂ ಮಾಡದಿದ್ದರೆ ಅದೇ ಇಬ್ಬರು ಸ್ವಯಂಸೇವಕ ಪೋಷಕರು ವಾರವಿಡೀ 12 ಟೆಂಟು ಒಣಗಿಸುತ್ತಾ ಕೂರಬೇಕು.