ಹೋಗೋರು ಹೋಗಬಹುದು, ಎರಡು ಪ್ರತಿ ಅರ್ಜಿ ಕೊಟ್ಟು

ಸೋವಿಯತ್ ಒಕ್ಕೂಟದ ಸಂವಿಧಾನದಲ್ಲಿ 72ನೇ ವಿಧಿ ಅಂತ ಒಂದಿತ್ತು. ಒಂದೇ ಸಾಲು. ಒಕ್ಕೂಟದಲ್ಲಿ ಸೇರಿದ್ದ ಯಾವ ಗಣರಾಜ್ಯ ಬೇಕಾದರೂ ತನ್ನಿಷ್ಟದಂತೆ ಅದನ್ನು ಬಿಟ್ಟು ಹೋಗಬಹುದು. ಷರತ್ತಿಲ್ಲ, ಕರಾರಿಲ್ಲ, ಕೆಳಗೆ ಸಣ್ಣಕ್ಷರದಲ್ಲೂ ಏನೂ ಇಲ್ಲ.

ಇದರ ಹಿಂದಿನ ಸಂವಿಧಾನದಲ್ಲೂ ಈ ಹಕ್ಕು ಇತ್ತು. 1936ರಲ್ಲಿ ಅದರ ಕರಡು ಚರ್ಚೆಗೆ ಬಂದಾಗ, ಇದನ್ನು ತೆಗೆದುಬಿಡಿ ಅಂತ ಯಾರೋ ಸಲಹೆ ಕೊಟ್ಟರು. ಛೆ ಛೆ, ಬೇಡ ಅಂದವನು ಯಾರು ಗೊತ್ತಾ? ಸ್ಟಾಲಿನ್! ತಾತಾರರ ಪ್ರಾಂತ್ಯಕ್ಕೆ ಪೂರ್ಣ ಗಣರಾಜ್ಯದ ಸ್ಥಾನ ಯಾಕೆ ಇಲ್ಲ ಅನ್ನೋದಕ್ಕೂ ಅವನ ಹತ್ತಿರ ಕಾರಣ ಇತ್ತು. ಅದರ ಸುತ್ತ ನಾಲ್ಕೂ ಕಡೆ ಸೋವಿಯತ್ ನೆಲವೇ ಇದೆ, ನಾಳೆ ಬಿಟ್ಟು ಹೋಗ್ತೀನಿ ಅಂದರೆ ಪಾಪ ಎಲ್ಲಿಗೆ ಹೋಗಬೇಕು? ಎಷ್ಟು ಕಾಳಜಿ ನೋಡಿ. ಆ ಕಾಲದಲ್ಲಿ ಈ ಹಕ್ಕನ್ನು ನಿಜವಾಗಿ ಕೇಳಿದವರಿಗೆ ಸೈಬೀರಿಯಾಕ್ಕೆ ಹೋಗುವ ವ್ಯವಸ್ಥೆ ಇತ್ತು, ಅದೂ ಸರ್ಕಾರಿ ಖರ್ಚಿನಲ್ಲಿ. ಸೈಬೀರಿಯಾ ಒಕ್ಕೂಟದ ಒಳಗೇ ಇತ್ತು ಅನ್ನೋದು ಬೇರೆ ಮಾತು.

ಚುನಾವಣೆಗಳೂ ಹಾಗೇ, ಭಾರಿ ಶಿಸ್ತು. 1984ರಲ್ಲಿ ನೂರಕ್ಕೆ 99.99 ಮತದಾನ ಆಯಿತಂತೆ. ಜ್ವರ ಬಂದವರು, ಬಾಣಂತಿಯರು, ರೈಲಲ್ಲಿ ಕೂತವರು, ಎಲ್ಲರೂ ಬಂದು ಹಾಕಿದರು ಅಂತ ಲೆಕ್ಕ. ಒಂದು ಸ್ಥಾನಕ್ಕೆ ಒಬ್ಬನೇ ಅಭ್ಯರ್ಥಿ. ಒಪ್ಪಿಗೆ ಇದ್ದರೆ ಚೀಟಿಯನ್ನು ಹಾಗೇ ಪೆಟ್ಟಿಗೆಗೆ ಹಾಕಿ. ಇಲ್ಲವಾದರೆ ಎಲ್ಲರೂ ನೋಡುತ್ತಿರುವಾಗ ಪರದೆಯ ಹಿಂದೆ ಹೋಗಿ ಹೆಸರು ಹೊಡೆದುಹಾಕಿ ಬನ್ನಿ. ಬಂದಮೇಲೆ ಏನಾಗುತ್ತದೆ ಅನ್ನೋದು ನಿಮಗೆ ಬಿಟ್ಟಿದ್ದು.

1989ರ ಮಾರ್ಚಿನಲ್ಲಿ ಒಕ್ಕೂಟದ ನಾಯಕ ಗೋರ್ಬಚೇವ್ ಸಾಹೇಬರು ಸ್ವಲ್ಪ ಗಾಳಿ ಬರಲಿ ಅಂತ ಕಿಟಕಿ ತೆಗೆದರು. ಲೆನಿನ್‌ಗ್ರಾಡ್ ಪ್ರಾಂತ್ಯದ ಪಕ್ಷದ ದೊಡ್ಡ ಯಜಮಾನ ಯೂರಿ ಸೊಲೊವ್ಯೋವ್ ಚುನಾವಣೆಗೆ ನಿಂತರು. ಎದುರಾಳಿ ಇಲ್ಲ. ಚೀಟಿಯಲ್ಲಿ ಇದ್ದದ್ದು ಅವರೊಬ್ಬರದೇ ಹೆಸರು. ಸೋತರು! ಅರ್ಧಕ್ಕಿಂತ ಜಾಸ್ತಿ ಜನ ಪೆನ್ನು ತೆಗೆದು ಆ ಒಂದೇ ಹೆಸರಿನ ಮೇಲೆ ಗೆರೆ ಎಳೆದುಬಿಟ್ಟರು. ನಮ್ಮಲ್ಲಿ ಠೇವಣಿ ಕಳೆದುಕೊಂಡವರ ದೊಡ್ಡ ಪರಂಪರೆಯೇ ಇದೆ, ಆದರೆ ಅವಿರೋಧವಾಗಿ ನಿಂತು ಸೋತವರು ಯಾರಾದರೂ ಇದ್ದರೆ ಹೇಳಿ, ಹಾರ ಹಾಕೋಣ.

ಇನ್ನು ಒಕ್ಕೂಟದ ಗಣರಾಜ್ಯಗಳಲ್ಲಿ ಒಂದಾದ ಲಿಥುವೇನಿಯಾ. 1990ರ ಜನವರಿಯಲ್ಲಿ ಗೋರ್ಬಚೇವ್ ಖುದ್ದಾಗಿ ಅದರ ರಾಜಧಾನಿ ವಿಲ್ನಿಯಸ್‌ಗೆ ಹೋಗಿ ರಸ್ತೆಗಿಳಿದು ಜನರ ಜೊತೆ ಮಾತಾಡಿದರು. ಒಬ್ಬ ಮುದುಕ, ಕಾರ್ಮಿಕ, ಪೂರ್ಣ ಸ್ವಾತಂತ್ರ್ಯ ಬೇಕು ಅನ್ನೋ ಫಲಕ ಹಿಡಿದು ನಿಂತಿದ್ದ. ಇದನ್ನು ಬರೆಯೋಕೆ ನಿನಗೆ ಯಾರು ಹೇಳಿಕೊಟ್ಟರು ಅಂತ ಇವರು ಕೇಳಿದರು. ಯಾರೂ ಇಲ್ಲ, ನಾನೇ ಬರೆದೆ ಅಂದ ಅವನು. ಕಾರ್ಮಿಕರ ಹೆಸರಲ್ಲಿ ಎಪ್ಪತ್ತು ವರ್ಷ ಆಳಿದ ಪಕ್ಷದ ಮುಖ್ಯಸ್ಥರಿಗೆ, ಒಬ್ಬ ಕಾರ್ಮಿಕ ತಾನೇ ಯೋಚಿಸಿ ಒಂದು ಸಾಲು ಬರೆಯಬಲ್ಲ ಅನ್ನೋದು ಹೊಸ ಸುದ್ದಿ.

ಮುಂದಿನ ತಿಂಗಳ ಚುನಾವಣೆಯಲ್ಲಿ ಸ್ವಾತಂತ್ರ್ಯದ ಪರ ಇದ್ದ ಸಾಯೂದಿಸ್ ಚಳವಳಿ ಗೆದ್ದಿತು. ಮಾರ್ಚ್ 11ಕ್ಕೆ ಶಾಸನಸಭೆ ಸ್ವಾತಂತ್ರ್ಯ ಘೋಷಿಸಿತು. ಪರ 124, ವಿರೋಧ ಸೊನ್ನೆ, ಆರು ಜನ ತಟಸ್ಥ. ಸಾಯೂದಿಸ್ ನಾಯಕ ಲಾಂಡ್ಸ್‌ಬೆರ್ಗಿಸ್ ಮೂಲತಃ ಸಂಗೀತದ ಪ್ರಾಧ್ಯಾಪಕ.

ಮಾಸ್ಕೋಗೆ ಆಗ ನೆನಪಾಯಿತು: ಅರೆ, ಹೋಗುವ ಹಕ್ಕು ಕೊಟ್ಟಿದ್ದೇವೆ, ಹೋಗುವ ವಿಧಾನ ಹೇಳಿಯೇ ಇಲ್ಲ! ಏಪ್ರಿಲ್ 3ಕ್ಕೆ ಕಾನೂನು ತಯಾರು. ಮೊದಲು ಜನಮತ ಗಣನೆ, ಅದೂ ನಿರ್ಧಾರ ಮಾಡಿದ ಆರು ತಿಂಗಳಾದ ಮೇಲೆ. ಮೂರರಲ್ಲಿ ಎರಡು ಪಾಲು ಬೇಕು. ಅದೂ ಬಂದು ವೋಟು ಹಾಕಿದವರಲ್ಲಿ ಎಣಿಸುವಂತಿಲ್ಲ, ಪಟ್ಟಿಯಲ್ಲಿ ಇರುವ ಅಷ್ಟೂ ಜನರಲ್ಲಿ. ಅಂದರೆ ಮನೆಯಲ್ಲಿ ಹೊದ್ದು ಮಲಗಿದವನದ್ದೂ ಮಾಸ್ಕೋ ಪರ ವೋಟು. ಸೋತರೆ ಹತ್ತು ವರ್ಷ ಸುಮ್ನಿರಿ. ಗೆದ್ದರೆ ಐದು ವರ್ಷದವರೆಗೆ ಆಸ್ತಿ, ಸಾಲ, ಗಡಿ ಲೆಕ್ಕ. ಕೊನೆಯ ವರ್ಷ ಹತ್ತರಲ್ಲೊಬ್ಬರು ತಗಾದೆ ತೆಗೆದರೆ ಮತ್ತೆ ಜನಮತ, ಮತ್ತೆ ಮೂರರಲ್ಲಿ ಎರಡು. ಇದೆಲ್ಲ ದಾಟಿದ ಮೇಲೆ ಮಾಸ್ಕೋದ ಜನಪ್ರತಿನಿಧಿಗಳ ಮಹಾಸಭೆ ಒಪ್ಪಬೇಕು. ಪಾಲು ಕೇಳಿದ ತಮ್ಮನಿಗೆ, ತಗೊಳ್ಳಪ್ಪ, ಆದರೆ ನಿನ್ನ ಮೊಮ್ಮಗನ ಮದುವೆ ಆದಮೇಲೆ ಅಂದ ಹಾಗೆ.

ಏಪ್ರಿಲ್ 18ಕ್ಕೆ ಲಿಥುವೇನಿಯಾಗೆ ಕಚ್ಚಾ ತೈಲ ನಿಂತಿತು. ವಾದ ಬಹಳ ಸೊಗಸು. ನೀವು ಹೋಗಿದ್ದು ಕಾನೂನಿನ ಪ್ರಕಾರ ನಡೆದೇ ಇಲ್ಲ, ಹಾಗಾಗಿ ನೀವು ಇನ್ನೂ ನಮ್ಮವರೇ. ನಮ್ಮವರೇ ಆದ್ದರಿಂದ ನಿಮಗೆ ಎಣ್ಣೆ ಇಲ್ಲ. ಇದೇ ಗಲಾಟೆಯ ನಡುವೆ, ಜೂನ್ 12ಕ್ಕೆ, ರಷ್ಯಾ ಕೂಡ ತಾನು ಸಾರ್ವಭೌಮ ಅಂತ ಘೋಷಿಸಿಕೊಂಡಿತು. ಯಾರ ಕೈಯಿಂದ ಬಿಡಿಸಿಕೊಂಡಿತು ಅಂತ ಕೇಳಬೇಡಿ, ಇವತ್ತಿಗೂ ಆ ದಿನ ಅಲ್ಲಿ ರಾಷ್ಟ್ರೀಯ ಹಬ್ಬ.

ಅಕ್ಟೋಬರಿನಲ್ಲಿ ಗೋರ್ಬಚೇವ್‌ಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. 1991ರ ಜನವರಿ 13ರ ನಸುಕಿನಲ್ಲಿ ವಿಲ್ನಿಯಸ್‌ನ ಟಿವಿ ಗೋಪುರದ ಹತ್ತಿರ ಸೋವಿಯತ್ ಟ್ಯಾಂಕುಗಳು ಬಂದವು. 14 ಜನ ಸತ್ತರು. ನನಗೆ ಗೊತ್ತಾಗಿದ್ದೇ ಬೆಳಿಗ್ಗೆ ಅಂದರು ಅಧ್ಯಕ್ಷ ಗೋರ್ಬಚೇವ್.

1991ರ ಫೆಬ್ರವರಿಯಲ್ಲಿ ಲಿಥುವೇನಿಯಾ ಜನಮತ ನಡೆಸಿತು. ಪಟ್ಟಿಯಲ್ಲಿದ್ದ ಅಷ್ಟೂ ಮತದಾರರನ್ನು ಲೆಕ್ಕ ಹಿಡಿದರೂ ನೂರಕ್ಕೆ 76 ಜನ ಸ್ವಾತಂತ್ರ್ಯ ಬೇಕು ಅಂದರು. ಮಾಸ್ಕೋದವರದೇ ಮೂರರಲ್ಲಿ ಎರಡು ದಾಟಿತಲ್ವಾ? ಆದರೆ ಮತದಾನಕ್ಕೆ ಮುಂಚೆಯೇ ಗೋರ್ಬಚೇವ್, ಇದಕ್ಕೆ ಕಾನೂನಿನ ಮಾನ್ಯತೆ ಇಲ್ಲ ಅಂತ ಆದೇಶ ಹೊರಡಿಸಿ ಕೂತಿದ್ದರು.

ಆ ಕಾನೂನಿನ ದಾರಿಯಲ್ಲಿ ಕೊನೆ ಮುಟ್ಟಿ ಹೊರಗೆ ಹೋದ ಗಣರಾಜ್ಯ ಒಂದೂ ಇಲ್ಲ. ಲಿಥುವೇನಿಯಾ ವಿಧೇಯವಾಗಿ ಆ ಕಾನೂನು ಬಂದ ದಿನವೇ ಅರ್ಜಿ ಕೊಟ್ಟು, ಆರು ತಿಂಗಳು ಕಾದು, ಐದು ವರ್ಷವೂ ಕಾದಿದ್ದರೆ ಸರದಿ ಬರುತ್ತಿದ್ದದ್ದು 1995ರ ಅಕ್ಟೋಬರಿಗೆ. ಆದರೆ ಕೊನೆಯ ಒಪ್ಪಿಗೆ ಕೊಡಬೇಕಾಗಿದ್ದ ಆ ಮಹಾಸಭೆ 1991ರ ಸೆಪ್ಟೆಂಬರ್ 5ಕ್ಕೆ ತನ್ನನ್ನು ತಾನೇ ವಿಸರ್ಜಿಸಿಕೊಂಡು ಮನೆಗೆ ಹೋಗಿತ್ತು. ಮಾರನೇ ದಿನವೇ ಮಾಸ್ಕೋ ಲಿಥುವೇನಿಯಾ, ಲಾಟ್ವಿಯಾ, ಎಸ್ಟೋನಿಯಾ ಮೂರಕ್ಕೂ ಮಾನ್ಯತೆ ಕೊಟ್ಟಿತು. ಜನಮತ ಇಲ್ಲ, ಐದು ವರ್ಷ ಇಲ್ಲ, ಒಂದೇ ದಿನದಲ್ಲಿ ಫೈಲು ಕ್ಲೋಸ್.